ಕಣ್ಣು ಮಂಜಾದವರಿಗೆ ಕಾಣುವ ಮಕ್ಕಳು

ಮಾನ್ಯ ಸಂಪಾದಕರೇ,

ಹನುಮಂತನಗರದಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಅಮ್ಮನಿಗೆ 81 ವರ್ಷ. ಎರಡೂ ಕಣ್ಣಿನ ಅಕ್ಷಿಪಟಲದ ನಡುಭಾಗ ಹಾಳಾಗಿದೆ. ಎದುರಿಗೆ ನಿಂತರೂ ನನ್ನ ಮುಖ ಕಾಣುವುದಿಲ್ಲ, ದನಿ ಕೇಳಿ ಗುರುತು ಹಿಡಿಯುತ್ತಾರೆ.

ಹೋದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಕಾಫಿ ಕೊಡುವಾಗ ಅಮ್ಮ ಮೆಲ್ಲಗೆ, "ಅಡುಗೆ ಕಟ್ಟೆ ಮೇಲೆ ಮೂರು ಮಕ್ಕಳು ಕೂತಿದ್ದಾವೆ, ನಿಂಗೂ ಕಾಣ್ತಾ?" ಅಂದರು. ಹಸಿರು ಲಂಗವಂತೆ. ಎರಡು ಬೆರಳಗಲದ ಜರಿ ಅಂಚು, ಅದರೊಳಗೆ ಸಣ್ಣ ಸಣ್ಣ ಮಾವಿನಕಾಯಿ ಬುಟ್ಟಾ. ಬಟ್ಟೆಯಲ್ಲೇ ಬದುಕು ಕಳೆದ ನಾನೂ ಅಷ್ಟು ಬಿಡಿಸಿ ಹೇಳಲಾರೆ. ಮಕ್ಕಳು ಮಾತಾಡುವುದಿಲ್ಲ, ಸದ್ದು ಮಾಡುವುದಿಲ್ಲ. ಸ್ವಲ್ಪ ಹೊತ್ತಿಗೆ ಮಾಯ. ಅವು ನಿಜವಲ್ಲ ಅಂತ ಅಮ್ಮನಿಗೂ ಗೊತ್ತು. ಆದರೂ ನಾವೆಲ್ಲ ಹುಚ್ಚು ಅಂದುಕೊಂಡೇವು ಎಂಬ ಭಯಕ್ಕೆ ಎಂಟು ತಿಂಗಳು ಬಾಯಿಬಿಟ್ಟಿರಲಿಲ್ಲ. ವಿಷಯ ತಿಳಿದ ನೆಂಟರೊಬ್ಬರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು.

ಆಮೇಲೆ ನರರೋಗದ ಡಾಕ್ಟರೊಬ್ಬರು ಬಿಡಿಸಿ ಹೇಳಿದರು. ಇದಕ್ಕೆ ಚಾರ್ಲ್ಸ್ ಬಾನೆ ಸಿಂಡ್ರೋಮ್ ಅಂತ ಹೆಸರು. ಜಿನೀವಾದ ಬಾನೆ ಎಂಬ ವಿಜ್ಞಾನಿ, ಕಣ್ಣು ಮಂಜಾದ ತನ್ನ ತಾತನಿಗೆ ಇಲ್ಲದ ಜನ, ಹಕ್ಕಿ, ಕಟ್ಟಡ ಕಾಣುತ್ತಿದ್ದುದನ್ನು 1760ರಲ್ಲೇ ಬರೆದಿಟ್ಟಿದ್ದ. ಕಣ್ಣಿನಿಂದ ಬರುವ ಸುದ್ದಿ ಕಡಿಮೆಯಾದಾಗ ಮಿದುಳಿನ ದೃಷ್ಟಿಯ ಭಾಗಗಳು ಸುಮ್ನೆ ಕೂರುವುದಿಲ್ಲ, ತಾವೇ ಚಿತ್ರ ಕಟ್ಟುತ್ತವೆ. 1998ರಲ್ಲಿ ಲಂಡನ್ನಿನ ಸಂಶೋಧಕರು ಇಂಥವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರಂತೆ. ಬಣ್ಣ ಕಂಡವರಲ್ಲಿ ಬಣ್ಣ ಗುರುತಿಸುವ ಭಾಗ, ಮುಖ ಕಂಡವರಲ್ಲಿ ಮುಖ ಗುರುತಿಸುವ ಭಾಗ ಚುರುಕಾಗಿತ್ತು. ಅಂದರೆ ಅಮ್ಮ ಕಥೆ ಕಟ್ಟಿದ್ದಲ್ಲ, ಆ ಜರಿ ಅಂಚನ್ನು ಕಂಡೇ ಕಂಡಿದ್ದರು! ಕಾಣುವುದು ಕಣ್ಣಿನ ಕೆಲಸ ಅಂತ ಇಷ್ಟು ದಿನ ನಂಬಿದ್ದೆ. ಕಣ್ಣು ಸುದ್ದಿ ಕಳಿಸುತ್ತದೆ, ‘ಕಂಡೆ’ ಅನ್ನುವ ಅರಿವು ಹುಟ್ಟುವುದು ಮಿದುಳಿನಲ್ಲಿ. ಹೇಗೆ ಹುಟ್ಟುತ್ತದೆ ಅನ್ನುವುದು ವಿಜ್ಞಾನಿಗಳಿಗೂ ಇನ್ನೂ ಪೂರ್ತಿ ಬಗೆಹರಿದಿಲ್ಲವಂತೆ.

ನನಗೆ ಬೇಜಾರು ಇದೊಂದೇ. ಆರು ವರ್ಷ ತೋರಿಸಿದ ಕಣ್ಣಾಸ್ಪತ್ರೆಯಲ್ಲಿ ಯಾರೂ ಈ ಮಾತೆತ್ತಲಿಲ್ಲ. "ಅಜ್ಜಿ, ಇಲ್ಲದ್ದೇನಾದ್ರೂ ಕಾಣುತ್ತಾ? ಹೆದರಬೇಡಿ" ಅಂದಿದ್ದರೆ ಸಾಕಿತ್ತು, ಅಲ್ವಾ? ಎಂಟು ತಿಂಗಳು ಅಮ್ಮ ಒಬ್ಬರೇ ಹೆದರಿಕೊಂಡು ಕೂತಿದ್ದರು ಅನ್ನುವುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹೀಗೆ ಕಾಣುವುದಕ್ಕೆ ಔಷಧಿ, ಮರೆವಿನ ಕಾಯಿಲೆಯಂಥ ಬೇರೆ ಕಾರಣಗಳೂ ಇರಬಹುದು. ಅದಕ್ಕೇ ಡಾಕ್ಟರಿಗೆ ತೋರಿಸಲೇಬೇಕು. ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸುವುದು, ಕೋಣೆಯ ಲೈಟ್ ಹಾಕುವುದು ಅಮ್ಮನಿಗೆ ಎಷ್ಟೋ ಸಲ ಉಪಯೋಗಕ್ಕೆ ಬಂದಿದೆ. ದಯವಿಟ್ಟು ನಿಮ್ಮ ಆರೋಗ್ಯ ಪುಟದಲ್ಲಿ ಇದರ ಬಗ್ಗೆ ವಿವರವಾಗಿ ಬರೆಸಿ. ಅಕ್ಷರ ಸ್ವಲ್ಪ ದೊಡ್ಡದಾಗಿರಲಿ.

– ಓದುಗರು, ಹನುಮಂತನಗರ, ಬೆಂಗಳೂರು