ಅನಾಥ ಪುಸ್ತಕಗಳಿಗೂ ಒಂದು ದಾರಿ ಮಾಡಿಕೊಡಿ

ಸಂಪಾದಕರಿಗೆ,

ಮಾನ್ಯರೇ,

ನಾನು ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪುಟ್ಟ ವಾಚನಾಲಯ ನೋಡಿಕೊಳ್ಳುತ್ತಿರುವ ನಿವೃತ್ತ ಶಿಕ್ಷಕ. ಯುವಕ ಮಂಡಲದ ಹಳೇ ಕಟ್ಟಡ, ನಾಲ್ಕು ಬೀರು, ಊರವರು ಕೊಟ್ಟ ಪುಸ್ತಕಗಳು, ಇಷ್ಟೇ ನಮ್ಮ ಆಸ್ತಿ. ಜೂನ್ ಬಂತೆಂದರೆ ನನಗೆ ತಳಮಳ ಶುರುವಾಗುತ್ತದೆ. ಗೋಡೆ ಬೆವರುತ್ತದೆ. ಬೀರುವಿನೊಳಗೆ ಬೂಷ್ಟು ಹಿಡಿಯುತ್ತದೆ. ಹಾಳೆಗೆ ಹಾಳೆ ಅಂಟಿಕೊಳ್ಳುತ್ತದೆ. ಮಳೆ ಬಿಟ್ಟ ಮೇಲೆ ಗೆದ್ದಲಿನ ಸರದಿ. ಬೇವಿನೆಲೆ ಇಟ್ಟು, ಕರ್ಪೂರ ಇಟ್ಟು, ರಾತ್ರಿಯಿಡೀ ಬಲ್ಬ್ ಉರಿಸಿ ನೋಡಿದ್ದೇನೆ. ಆದರೂ ಪ್ರತಿ ವರ್ಷ ಒಂದಷ್ಟು ಪುಸ್ತಕ ಕಳೆದುಕೊಳ್ಳುತ್ತೇವೆ.

ಹೋದ ಮಳೆಗಾಲದಲ್ಲಿ ಒಂದು ಸಣ್ಣ ಪುಸ್ತಕ ಹೀಗೇ ಹೋಗುವುದರಲ್ಲಿತ್ತು. 64 ಪುಟ. ಬರೆದವರು ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಊರಿನವರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದಾಗಿ ಎರಡು ವರ್ಷಕ್ಕೆ ಈ ಪುಸ್ತಕ ಅಚ್ಚಾಗಿದೆ. ಊರಿನ ಒಂದೊಂದು ಗದ್ದೆಯ ಹೆಸರು ಅದರಲ್ಲಿದೆ. ನೆಟ್ಟಿ ಮಾಡುವಾಗ ಹೆಂಗಸರು ಹೇಳುತ್ತಿದ್ದ ಹಾಡು, ಭೂಮಿ ಹುಣ್ಣಿಮೆಯ ಪದ್ಧತಿ, ದೀಪಾವಳಿಯ ರಾತ್ರಿ ದೀಪ ಹಿಡಿದು ಹಾಡುತ್ತಾ ಬರುವ ಅಂಟಿಗೆ-ಪಂಟಿಗೆಯವರು ಯಾವ ಮನೆಯಿಂದ ಯಾವ ಮನೆಗೆ ಹೋಗುತ್ತಿದ್ದರು ಎಂಬುದೂ ಇದೆ. ಆ ಮನೆಗಳು ಈಗ ನೀರಿನಡಿ ಇವೆ. ನಮ್ಮೂರಿನ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಅದನ್ನು ಮನೆಗೆ ಒಯ್ದು ಅಜ್ಜಿಗೆ ಓದಿ ಹೇಳಿದಳು. ಅಜ್ಜಿ ಅದೇ ಕಡೆಯ ಮುಳುಗಡೆಯವರು. ಒಂದು ಗದ್ದೆಯ ಹೆಸರು ಬಂದಾಗ, 'ಅದು ನಮ್ಮದು ಕಣೆ' ಅಂದರಂತೆ.

ಬೆಂಗಳೂರಿನಿಂದ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುವ ಹುಡುಗನೊಬ್ಬ ಅಷ್ಟೂ ಪುಟಗಳನ್ನು ಸ್ಕ್ಯಾನ್ ಮಾಡಿಕೊಟ್ಟ. ಮುಳುಗಡೆಯವರು ಈಗ ಎಲ್ಲೆಲ್ಲೋ ಇದ್ದಾರೆ. ಇಂಟರ್‌ನೆಟ್‌ನಲ್ಲಿ ಹಾಕಿದರೆ ಎಲ್ಲರಿಗೂ ಸಿಗುತ್ತದೆ, ಅಲ್ವಾ ಅಂದ. ನನಗೂ ಆಸೆಯಾಯಿತು. ಆದರೆ ಕಾನೂನು ಕೇಳದೆ ಹಾಕುವುದು ಬೇಡ ಅನ್ನಿಸಿತು. ಪರಿಚಯದ ವಕೀಲರ ಹತ್ತಿರ ಹೋದೆ. ಅಲ್ಲಿ ತಿಳಿದ ಸಂಗತಿಗಳೇ ಈ ಪತ್ರಕ್ಕೆ ಕಾರಣ.

ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಡಿಜಿಟಲ್ ಕಾಲಕ್ಕೆ ಹೊಂದಿಸಲು 2012ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಅದರಲ್ಲಿ ಒಳ್ಳೆಯದು ಬೇಕಾದಷ್ಟಿದೆ. ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಪುಸ್ತಕವನ್ನು ಕಾಪಾಡಲಿಕ್ಕಾಗಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಬಹುದು. ಆದರೆ ಇಟ್ಟುಕೊಳ್ಳಬಹುದು ಅಷ್ಟೇ. ಊರಾಚೆಯವರಿಗೆ ಇಂಟರ್‌ನೆಟ್‌ನಲ್ಲಿ ಓದಿಸಬಹುದು ಎಂದು ಅಲ್ಲಿ ಇಲ್ಲ. ದೇಶದಲ್ಲಿ ಎಲ್ಲೂ ಮಾರಾಟಕ್ಕೆ ಸಿಗದ ಪುಸ್ತಕವಾದರೆ ಗ್ರಂಥಾಲಯ ತನ್ನ ಬಳಕೆಗೆ ಮೂರು ಪ್ರತಿ ಮಾಡಿಕೊಳ್ಳಬಹುದು. ನಮ್ಮ ಬೀರುವಿನಲ್ಲಿ ಮೂರು ಜೆರಾಕ್ಸ್ ಇದ್ದರೆ ಮುಂದಿನ ಮಳೆಗಾಲಕ್ಕೆ ಮೂರಕ್ಕೂ ಬೂಷ್ಟು ಹಿಡಿಯುತ್ತದೆ.

ಹಾಗಾದರೆ ಬರೆದವರ ಒಪ್ಪಿಗೆ ಪಡೆಯೋಣ ಅಂದರೆ ಬರೆದವರು ಯಾರು? ಮುಖಪುಟ ಮತ್ತು ಮೊದಲ ಹಾಳೆಯನ್ನು ಗೆದ್ದಲು ತಿಂದಿದೆ. ಮುನ್ನುಡಿಯ ಕೊನೆಯಲ್ಲಿ 'ಲೇಖಕ' ಎಂದಷ್ಟೇ ಇದೆ. ಅಚ್ಚು ಹಾಕಿದ ಪ್ರೆಸ್ಸಿನ ಹೆಸರು ಹಿಂಬದಿಯಲ್ಲಿದೆ, ಆದರೆ ಆ ಪ್ರೆಸ್ಸು ಮುಚ್ಚಿ ಎಷ್ಟೋ ಕಾಲವಾಯಿತು. ಬರೆದವರು ತೀರಿಕೊಂಡ ಮೇಲೂ 60 ವರ್ಷ ಕಾಪಿರೈಟ್ ಇರುತ್ತದೆ. ಯಾವಾಗ ತೀರಿಕೊಂಡರು ಎಂದೇ ಗೊತ್ತಿಲ್ಲದಿದ್ದರೆ ಆ 60 ವರ್ಷವನ್ನು ಎಲ್ಲಿಂದ ಎಣಿಸುವುದು?

ಇಂಥ ಪುಸ್ತಕಗಳಿಗೂ ಕಾಯ್ದೆಯಲ್ಲಿ ಒಂದು ಕಲಮು ಇದೆ, 31ಎ. ಬರೆದವರು ಯಾರೆಂದು ಗೊತ್ತಿಲ್ಲದಿದ್ದರೆ, ಪತ್ತೆ ಸಿಗದಿದ್ದರೆ, ಪ್ರಕಟಿಸಲು ಲೈಸೆನ್ಸ್ ಕೇಳಬಹುದು. ಆದರೆ ಅರ್ಜಿಗೂ ಮೊದಲು ದೇಶದ ಬಹುಭಾಗದಲ್ಲಿ ಓಡಾಡುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು. ಕನ್ನಡದ ಪುಸ್ತಕ, ಕನ್ನಡದವರೇ ಬರೆದದ್ದು, ಅವರ ಮಕ್ಕಳು ಮೊಮ್ಮಕ್ಕಳು ಸಾಗರದಲ್ಲೋ ಹೊಸನಗರದಲ್ಲೋ ಶಿವಮೊಗ್ಗದಲ್ಲೋ ಇರಬೇಕು. ಅವರನ್ನು ಹುಡುಕಲು ಇಂಗ್ಲಿಷ್ ಪತ್ರಿಕೆ! ಕನ್ನಡಕ್ಕೆ ಅನುವಾದ ಮಾಡುವುದಾದರೆ ಮಾತ್ರ ಕನ್ನಡ ಪತ್ರಿಕೆಯಲ್ಲೂ ಹಾಕಿ ಎನ್ನುತ್ತದೆ ಕಾಯ್ದೆ. ಮೊದಲು ಇಂಥ ಅರ್ಜಿ ನೋಡಲು ಬೇರೆಯೇ ಮಂಡಳಿ ಇತ್ತು. 2021ರಲ್ಲಿ ಅದನ್ನು ರದ್ದು ಮಾಡಿದರು. ಈಗ ಕೋರ್ಟಿಗೇ ಹೋಗಬೇಕು. ತಾಳಗುಪ್ಪದ ರೈಲು ಹತ್ತಿ, ಬೆಂಗಳೂರಿನಲ್ಲಿ ವಕೀಲರನ್ನು ಹಿಡಿದು, 64 ಪುಟದ ಪುಸ್ತಕಕ್ಕಾಗಿ ಅಲೆಯಲು ಹಳ್ಳಿಯ ವಾಚನಾಲಯಕ್ಕೆ ಎಲ್ಲಿಂದ ಆಗುತ್ತದೆ?

ಈಗ ಇನ್ನೊಂದು ಬದಿ ನೋಡಿ. ಎಐ ಕಂಪನಿಗಳು ಮತ್ತು ಕಾಪಿರೈಟ್ ಬಗ್ಗೆ ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ (ಡಿಪಿಐಐಟಿ) 2025ರ ಡಿಸೆಂಬರ್‌ನಲ್ಲಿ ಒಂದು ಕರಡು ಅಭಿಪ್ರಾಯ ಪತ್ರ ಹೊರಡಿಸಿತು. ಕಾನೂನುಬದ್ಧವಾಗಿ ಕೈಗೆ ಸಿಕ್ಕ ಕೃತಿಗಳನ್ನು ಕಂಪನಿಗಳು ಒಬ್ಬೊಬ್ಬರ ಒಪ್ಪಿಗೆ ಕೇಳದೆ ತಮ್ಮ ಯಂತ್ರಕ್ಕೆ ಕಲಿಸಬಹುದು, ಬದಲಿಗೆ ರಾಯಧನ ಕೊಡಬೇಕು, ಅದನ್ನು ಒಂದೇ ಸಂಸ್ಥೆ ವಸೂಲು ಮಾಡಿ ಹಂಚಬೇಕು, ಹಕ್ಕುದಾರರು ಬೇಡ ಎನ್ನುವಂತಿಲ್ಲ ಎಂಬುದು ಅದರಲ್ಲಿನ ಪ್ರಸ್ತಾವ. ಲಕ್ಷಾಂತರ ಜನರನ್ನು ಒಬ್ಬೊಬ್ಬರಾಗಿ ಕೇಳುತ್ತಾ ಹೋಗುವುದು ಆಗದ ಮಾತು ಎಂಬುದು ಅದರ ಹಿಂದಿನ ವಾದ. ಬರೆದವರಿಗೆ ದುಡ್ಡು ಸಿಗಲಿ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಒಬ್ಬೊಬ್ಬರನ್ನು ಹುಡುಕುವುದು ಅಷ್ಟು ದೊಡ್ಡ ಕಂಪನಿಗಳಿಗೇ ಕಷ್ಟ ಎಂದ ಮೇಲೆ ನಮ್ಮಂಥವರಿಗೆ ಅದು ಹೇಗೆ ಸುಲಭವಾಗುತ್ತದೆ? ಯಂತ್ರಕ್ಕೆ ಕಲಿಸಲು ಯಾರನ್ನೂ ಕೇಳಬೇಕಿಲ್ಲ, ಅದೇ ಪುಸ್ತಕವನ್ನು ಮುಳುಗಡೆ ಅಜ್ಜಿಯ ಮೊಮ್ಮಕ್ಕಳಿಗೆ ಓದಿಸಲು ಕೋರ್ಟಿಗೆ ಹೋಗಬೇಕು ಎಂದರೆ ನನಗೆ ಸಂಕಟವಾಗುತ್ತದೆ.

ಯುರೋಪಿನವರು 2019ರ ಕಾನೂನಿನಲ್ಲಿ ಇದಕ್ಕೊಂದು ದಾರಿ ಹುಡುಕಿದ್ದಾರೆ. ಅಂಗಡಿಯಲ್ಲಿ ಸಿಗದ ಪುಸ್ತಕವನ್ನು ಗ್ರಂಥಾಲಯಗಳು ಹಕ್ಕುದಾರರ ಸಂಘದಿಂದ ಲೈಸೆನ್ಸ್ ಪಡೆದು ಆನ್‌ಲೈನ್‌ನಲ್ಲಿ ಇಡಬಹುದು. ಆರು ತಿಂಗಳು ಮೊದಲೇ ಎಲ್ಲರಿಗೂ ಕಾಣುವಂತೆ ಪ್ರಕಟಣೆ ಕೊಡಬೇಕು. ಹಕ್ಕುದಾರರು ಬಂದು ಬೇಡ ಎಂದರೆ ತೆಗೆಯಬೇಕು. ನಮ್ಮಲ್ಲೂ ಇದು ಆಗದ್ದೇನಲ್ಲ. ಕಣ್ಣು ಕಾಣದವರು ಓದುವಂಥ ರೂಪಕ್ಕೆ ಪುಸ್ತಕವನ್ನು ಯಾರ ಅನುಮತಿಯೂ ಇಲ್ಲದೆ ಬದಲಿಸಲು 2012ರ ತಿದ್ದುಪಡಿಯೇ ಅವಕಾಶ ಕೊಟ್ಟಿತು. ಅವರಿಗಾಗಿಯೇ ಆದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶವೂ ನಮ್ಮದೇ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಈ ಸಲ ಕಾಯ್ದೆ ತಿದ್ದುವಾಗ ಅಚ್ಚಿನಲ್ಲಿಲ್ಲದ ಹಳೆಯ ಪುಸ್ತಕಗಳನ್ನೂ ನೆನಪಿಟ್ಟುಕೊಳ್ಳಿ. ಪುಸ್ತಕದ ವಿವರವನ್ನು ಕನ್ನಡದಲ್ಲೇ ಒಂದು ಸರ್ಕಾರಿ ಜಾಲತಾಣದಲ್ಲಿ ಆರು ತಿಂಗಳು ಹಾಕೋಣ. ಯಾರೂ ಬರದಿದ್ದರೆ ಗ್ರಂಥಾಲಯಗಳು ಓದಲು ಇಡಲಿ, ದುಡ್ಡು ಮಾಡುವುದು ಬೇಡ. ಹಕ್ಕುದಾರರು ಮುಂದೆ ಬಂದರೆ ಕೊಡಲು ಒಂದು ಮೊತ್ತವನ್ನು, ನಾವು ಆಸ್ತಿ ತೆರಿಗೆಯ ಜೊತೆಗೆ ಕಟ್ಟುವ ಗ್ರಂಥಾಲಯ ಕರದಿಂದ ತೆಗೆದಿಡಬಹುದು. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಮಕ್ಕಳು ಅಲ್ಲೇ ಕೂತು ಇವನ್ನು ಓದಲಿ.

ಇದನ್ನು ನೆಪ ಮಾಡಿಕೊಂಡು ಹೊಸ ಪುಸ್ತಕ ಕದಿಯುವವರು ಹೆಚ್ಚುತ್ತಾರೆ ಎಂದು ಕೆಲವು ಲೇಖಕರು ಹೆದರಬಹುದು. ಆ ಹೆದರಿಕೆ ಸುಮ್ನೆ ಬಂದದ್ದಲ್ಲ. ಅಂಗಡಿಯಲ್ಲಿ ಸಿಗುವ ಪುಸ್ತಕದ ಪಿಡಿಎಫ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವುದನ್ನು ನಾನೇ ನೋಡಿದ್ದೇನೆ. ನನಗೆ ಕಳಿಸಿದವರಿಗೆ ಅಳಿಸಿ ಎಂದೇ ಹೇಳುತ್ತೇನೆ. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೂತು ಒಳ್ಳೆಯ ಪುಸ್ತಕ ಪ್ರಕಟಿಸಿದವರನ್ನು ಕಂಡ ತಾಲ್ಲೂಕು ನಮ್ಮದು. ಸಾವಿರ ಪ್ರತಿ ಹಾಕಿ ಮಾರಲು ಪ್ರಕಾಶಕರು ಪಡುವ ಪಾಡು ನಮಗೆ ಗೊತ್ತು. ನಾನು ಕೇಳುತ್ತಿರುವುದು ಯಾರೂ ಮಾರದ, ಯಾರೂ ಮರುಮುದ್ರಣ ಮಾಡದ ಪುಸ್ತಕಗಳಿಗಾಗಿ.

ಕಾನೂನು ಬದಲಾಗುವವರೆಗೆ ನನ್ನ ಕೈಲಾದ ಕೆಲಸವನ್ನು ಈ ಪತ್ರದಲ್ಲೇ ಶುರು ಮಾಡುತ್ತೇನೆ. ಪುಸ್ತಕ ಅಂಗೈಯಗಲದ್ದು. ಹಿಂಬದಿಯ ರಟ್ಟು ತಿಳಿ ಹಸಿರು. ಮುನ್ನುಡಿಯ ಕೊನೆಯಲ್ಲಿ 1966 ಎಂದಿದೆ. 31ನೇ ಪುಟದಲ್ಲಿ ಊರಿನ ಕೆರೆ, ದೇವಸ್ಥಾನ, ಗದ್ದೆಬಯಲಿನ ಕೈಬರಹದ ನಕ್ಷೆ ಇದೆ. ಇಂಥ ಪುಸ್ತಕ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ಇಳಿಸಿ ನೋಡಿ. ಮುಖಪುಟ ಉಳಿದಿದ್ದರೆ ಅದರ ಮೇಲಿರುವ ಹೆಸರನ್ನು ಈ ಪತ್ರಿಕೆಗೆ ಬರೆದು ತಿಳಿಸಿ.

— ನಿವೃತ್ತ ಶಿಕ್ಷಕ, ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ