ಪೋರ್ಟೇಜ್ ಕಣಿವೆಯ ಆಚೆ

ಪ್ರೀತಿಯ ಗೆಳೆಯ,

"ಅಷ್ಟೊಂದು ಜನ ಹುಡುಕಿದರೂ ರೆಕ್ಕೆಯ ಒಂದು ಚೂರೂ ಸಿಗಲಿಲ್ಲ ಅಂದ್ರೆ ನಂಬೋದು ಹೇಗೋ?" ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಆಗ ಸರಿಯಾಗಿ ಹೇಳಲು ಆಗಲಿಲ್ಲ. ಅಲಾಸ್ಕಾದಲ್ಲಿ ಕಾಣೆಯಾದ ಆ ಪುಟ್ಟ ವಿಮಾನದ ಬಗ್ಗೆ ಅದಕ್ಕೇ ಈ ಕಾಗದ.

1972ರ ಅಕ್ಟೋಬರ್ 16, ಬೆಳಿಗ್ಗೆ ಒಂಬತ್ತರ ಸುಮಾರು. ಅಲಾಸ್ಕಾದ ಆಂಕರೇಜ್‌ನಿಂದ ಜೂನೋ ಕಡೆಗೆ ಎರಡು ಎಂಜಿನ್ನಿನ ಪುಟ್ಟ ಸೆಸ್ನಾ 310 ವಿಮಾನ ಹೊರಟಿತು. ಒಳಗಿದ್ದವರು ನಾಲ್ಕೇ ಜನ. ಅಮೆರಿಕದ ಕೆಳಮನೆಯಲ್ಲಿ ಬಹುಮತದ ಪಕ್ಷದ ನಾಯಕರಾಗಿದ್ದ ಹೇಲ್ ಬಾಗ್ಸ್, ಅಲಾಸ್ಕಾದ ಸಂಸದ ನಿಕ್ ಬೆಗಿಚ್, ಬೆಗಿಚ್ ಅವರ ಸಹಾಯಕ, ಮತ್ತೆ ಪೈಲಟ್. ಬೆಗಿಚ್ ಪರ ಪ್ರಚಾರಕ್ಕೆಂದು ಬಾಗ್ಸ್ ಅಷ್ಟು ದೂರ ಬಂದಿದ್ದರು.

ಒಮ್ಮೆ ನಕ್ಷೆ ತೆಗೆದು ಆ ದಾರಿ ನೋಡು. ಹೊರಟ ಸ್ವಲ್ಪ ಹೊತ್ತಿಗೇ ಚುಗಾಚ್ ಬೆಟ್ಟಸಾಲು ಅಡ್ಡ ಬರುತ್ತದೆ. ದಾಟಲು ಪೋರ್ಟೇಜ್ ಎಂಬ ಇಕ್ಕಟ್ಟಾದ ಕಣಿವೆ. ಆಚೆ ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಕೊಲ್ಲಿಯ ಕೊರೆಯುವ ನೀರು. ನೆಲ ನೋಡಿಕೊಂಡು ಹಾರುವವನಿಗೆ ಅಲ್ಲಿ ಮೋಡ ಮುಚ್ಚಿದರೆ ಮುಂದೆ ಹೋಗುವುದೂ ಕಷ್ಟ, ಹಿಂದೆ ತಿರುಗುವುದೂ ಕಷ್ಟ. ಅವತ್ತಿನ ಹವೆ ಹಾಗೆ ಹಾರಲು ತಕ್ಕದ್ದಾಗಿರಲಿಲ್ಲ ಎಂದೇ ತನಿಖೆ ಹೇಳಿತು. ವಿಮಾನ ಜೂನೋ ತಲುಪಲೇ ಇಲ್ಲ. ಬೆಟ್ಟಕ್ಕೆ ಬಡಿಯಿತೋ, ನೀರಿಗೆ ಬಿತ್ತೋ, ಗೊತ್ತಿಲ್ಲ. ಬಿದ್ದ ಹೊಡೆತಕ್ಕೆ ತಾನಾಗಿ ಸಿಗ್ನಲ್ ಕೊಡುವ ಪುಟ್ಟ ಯಂತ್ರ ಆಗಲೇ ಬಂದಿತ್ತು. ಆದರೆ ಈ ವಿಮಾನದಿಂದ ಅಂಥ ಸಿಗ್ನಲ್ ಯಾರಿಗೂ ಕೇಳಿಸಲಿಲ್ಲ. ನನಗೆ ತುಂಬಾ ಸಂಕಟವಾಗುವುದು ಇಲ್ಲೇ ಕಣೋ.

39 ದಿನ ಹುಡುಕಿದರು. ಆಕಾಶದ ತುದಿಯಿಂದ ಫೋಟೋ ತೆಗೆಯುವ ಎಸ್‌ಆರ್-71 ಬೇಹು ವಿಮಾನವನ್ನೂ ಬಿಟ್ಟರು. ಹುಡುಕಾಟ ನಡೆದಿರುವಾಗಲೇ ನವೆಂಬರ್ 7ರ ಚುನಾವಣೆ ಬಂತು. ಕಾಣೆಯಾದ ಬಾಗ್ಸ್, ಬೆಗಿಚ್ ಇಬ್ಬರೂ ಗೆದ್ದರು! ಬೆಗಿಚ್ ಮನೆಯಲ್ಲಿ ಆರು ಮಕ್ಕಳು. ಆ ರಾತ್ರಿ ಆ ಮನೆ ಹೇಗಿದ್ದಿರಬಹುದು ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ನವೆಂಬರ್ 24ಕ್ಕೆ ಹುಡುಕಾಟ ನಿಂತಿತು. ಮರುವರ್ಷ ಬಾಗ್ಸ್ ಅವರ ಜಾಗಕ್ಕೆ ಅವರ ಹೆಂಡತಿ ಲಿಂಡಿ ಆರಿಸಿ ಬಂದರು.

ಇನ್ನು ನಿನ್ನ ಪ್ರಶ್ನೆ. ಅದೇ ಚುಗಾಚ್ ಸಾಲಿನಲ್ಲಿ 1952ರ ನವೆಂಬರ್‌ನಲ್ಲಿ 52 ಜನರಿದ್ದ ಮಿಲಿಟರಿ ವಿಮಾನವೊಂದು ಬಿದ್ದಿತ್ತು. ಅದು ಸೆಸ್ನಾದಂತಲ್ಲ, ದೈತ್ಯ ಗ್ಲೋಬ್‌ಮಾಸ್ಟರ್. ಅಷ್ಟು ದೊಡ್ಡದನ್ನೂ ಹಿಮ ಮುಚ್ಚಿಬಿಟ್ಟಿತು. ಹಿಮನದಿ ನಿಂತಂತೆ ಕಂಡರೂ ನಿಲ್ಲುವುದಿಲ್ಲ, ಒಡಲಲ್ಲಿದ್ದುದನ್ನು ಮೆಲ್ಲಗೆ ಹೊತ್ತು ಕೆಳಗೆ ಇಳಿಯುತ್ತಿರುತ್ತದೆ. 2012ರ ಜೂನ್‌ನಲ್ಲಿ ಕಾಲೊನಿ ಹಿಮನದಿಯ ಮೇಲೆ ಹೆಲಿಕಾಪ್ಟರ್‌ನವರ ಕಣ್ಣಿಗೆ ಅದರ ಅವಶೇಷ ಬಿತ್ತು. 60 ವರ್ಷ ಕಾದ ಕೆಲವು ಮನೆಯವರಿಗೆ ಮಣ್ಣು ಮಾಡಲು ಏನಾದರೂ ಸಿಕ್ಕಿತು.

ಸೆಸ್ನಾ ಸಮುದ್ರದ ಪಾಲಾಗಿದ್ದರೆ ಆ ಆಸೆಯೂ ಇಲ್ಲ. ಆದರೂ ಪ್ರತಿ ಜೂನ್ ಬಂದಾಗ, ಅಲ್ಲಿ ಹಿಮ ಕರಗುವ ಹೊತ್ತಿಗೆ, ನಾನು ಆಂಕರೇಜ್ ಸುದ್ದಿ ತೆರೆದು ನೋಡುತ್ತೇನೆ.

ನಿನ್ನ ಗೆಳೆಯ