ಕಂಪನಿ ಕೈ ಬದಲಾಗುವಾಗ ಕಟ್ಟುವವರನ್ನೂ ಕೇಳಿ: ಕೇಂದ್ರ ಹಣಕಾಸು ಸಚಿವರಿಗೊಂದು ಬಹಿರಂಗ ಪತ್ರ

ಕೇಂದ್ರ ಹಣಕಾಸು ಮತ್ತು ಕಾರ್ಪೊರೇಟ್ ವ್ಯವಹಾರಗಳ ಸಚಿವರಿಗೆ,

ಮಾನ್ಯರೇ,

ಸೇತುವೆ, ಕಟ್ಟಡಗಳ ಕೆಲಸದಲ್ಲೇ ವೃತ್ತಿಜೀವನ ಕಳೆದು ನಿವೃತ್ತನಾದ ಸಿವಿಲ್ ಎಂಜಿನಿಯರ್ ನಾನು. ಷೇರುಪೇಟೆಯಲ್ಲಿರುವ ನಿರ್ಮಾಣ ಕಂಪನಿಯೊಂದನ್ನು ಬೇರೆಯವರು ಸ್ವಾಧೀನಪಡಿಸಿಕೊಳ್ಳಲು ಮುಂದಾದಾಗ, ಆ ಕಂಪನಿಯ ನೌಕರರ ಅಭಿಪ್ರಾಯವನ್ನೂ ಷೇರುದಾರರ ಮುಂದೆ ಲಿಖಿತವಾಗಿ ಇಡಬೇಕೆಂಬ ನಿಯಮ ಬರಲಿ ಎಂದು ಕೋರುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ನಿಯಮ ರೂಪಿಸುವುದು ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯ ಕೆಲಸವೆಂಬುದು ನನಗೆ ಗೊತ್ತು. ಆದರೂ ಜನರ ಹಣವನ್ನು ಇಂಥ ಕಂಪನಿಗಳಲ್ಲಿ ತೊಡಗಿಸಿರುವ ಎಲ್‌ಐಸಿಯೂ ತಮ್ಮ ಸಚಿವಾಲಯದ ವ್ಯಾಪ್ತಿಗೇ ಬರುವುದರಿಂದ, ಈ ವಿಚಾರವನ್ನು ತಮ್ಮ ಮುಂದಿಡುವುದೇ ಸರಿಯೆನಿಸಿತು.

ನನ್ನ ಮಾತಿಗೆ ಆಧಾರವಾಗಿ ದೊಡ್ಡ ನಿರ್ಮಾಣ ಕಂಪನಿಯಾದ ಎಲ್ ಅಂಡ್ ಟಿಯ (ಲಾರ್ಸನ್ ಅಂಡ್ ಟೂಬ್ರೊ) ಚರಿತ್ರೆಯನ್ನೇ ನೋಡಬಹುದು. ಹೆನ್ನಿಂಗ್ ಹಾಲ್ಕ್-ಲಾರ್ಸನ್ ಮತ್ತು ಸೋರೆನ್ ಟೂಬ್ರೊ ಎಂಬ ಡೆನ್ಮಾರ್ಕಿನ ಇಬ್ಬರು ಎಂಜಿನಿಯರುಗಳು 1938ರಲ್ಲಿ ಮುಂಬಯಿಯಲ್ಲಿ ಪಾಲುದಾರಿಕೆಯಲ್ಲಿ ತೊಡಗಿದ್ದು ಹೈನುಗಾರಿಕೆಯ ಯಂತ್ರಗಳನ್ನು ತಮ್ಮ ನಾಡಿನಿಂದ ತರಿಸಿ ಮಾರುವ ವ್ಯಾಪಾರದಲ್ಲಿ. 1940ರಲ್ಲಿ ಜರ್ಮನಿ ಡೆನ್ಮಾರ್ಕನ್ನು ಆಕ್ರಮಿಸಿ ಸರಕು ಬರುವುದು ನಿಂತಾಗ, ಕೈಕಟ್ಟಿ ಕೂರದೆ ತಾವೇ ತಯಾರಿಕೆಗೆ ಇಳಿದರು. ನಿರ್ಮಾಣಕ್ಕೆಂದೇ ಇಸಿಸಿ (ಎಂಜಿನಿಯರಿಂಗ್ ಕನ್‌ಸ್ಟ್ರಕ್ಷನ್ ಕಾರ್ಪೊರೇಷನ್) ಎಂಬ ಅವರ ಕಂಪನಿ ಹುಟ್ಟಿದ್ದು 1944ರಲ್ಲಿ. ಎಲ್ ಅಂಡ್ ಟಿ ಸಾರ್ವಜನಿಕ ಕಂಪನಿಯಾದದ್ದು 1950ರಲ್ಲಿ. ದೆಹಲಿಯ ಕಮಲ ಮಂದಿರವನ್ನೂ 182 ಮೀಟರ್ ಎತ್ತರದ ಏಕತಾ ಪ್ರತಿಮೆಯನ್ನೂ ಕಟ್ಟಿದ ಕೈಗಳು ಇವರವೇ. ಆದರೆ ಕಂಪನಿ ಬೆಳೆದಂತೆಲ್ಲ ಷೇರುಗಳು ಸಾರ್ವಜನಿಕರ ಮತ್ತು ಹಣಕಾಸು ಸಂಸ್ಥೆಗಳ ಬಳಿ ಹಂಚಿಹೋಗಿ, ಇದು ತನ್ನದು ಎನ್ನುವ ಒಡೆಯನೇ ಇಲ್ಲದಂತಾಯಿತು. ಅಂಥ ಕಂಪನಿಯ ಮೇಲೆ ಕಣ್ಣು ಬೀಳದಿರುತ್ತದೆಯೇ?

ಎಂಬತ್ತರ ದಶಕದ ಕೊನೆಯಲ್ಲಿ ಉದ್ಯಮಿ ಮನು ಛಾಬ್ರಿಯಾ ಅವರ ಕಣ್ಣು ಬಿತ್ತು. ಅವರಿಂದ ಪಾರಾಗಲೆಂದು ರಿಲಯನ್ಸ್‌ನ ಧೀರೂಭಾಯಿ ಅಂಬಾನಿ ಅವರನ್ನು ಒಳಗೆ ಕರೆದದ್ದಾಯಿತು. 1989ರಲ್ಲಿ ಅಂಬಾನಿ ಎಲ್ ಅಂಡ್ ಟಿಯ ಅಧ್ಯಕ್ಷರಾದರು, ಕೇಂದ್ರದಲ್ಲಿ ಸರ್ಕಾರ ಬದಲಾದ ಮೇಲೆ 1990ರಲ್ಲಿ ಆ ಸ್ಥಾನ ಬಿಟ್ಟರು. ಕೊಂಡಿದ್ದ ಷೇರುಗಳು ಮಾತ್ರ ರಿಲಯನ್ಸ್ ಬಳಿಯೇ ಉಳಿದವು. 2001ರ ನವೆಂಬರಿನಲ್ಲಿ ಆ ಶೇ 10.05ರಷ್ಟು ಪಾಲನ್ನು ಬಿರ್ಲಾ ಸಮೂಹದ ಗ್ರಾಸಿಮ್ ಕಂಪನಿಯು ಷೇರಿಗೆ 306.60 ರೂಪಾಯಿಯಂತೆ ಕೊಂಡಿತು. ಆಗಿನ ನಿಯಮದಂತೆ ಪಾಲು ಶೇ 15 ಮುಟ್ಟಿದರೆ ಉಳಿದ ಷೇರುದಾರರಿಗೂ ಮುಕ್ತ ಕೊಡುಗೆ ನೀಡಬೇಕಿತ್ತು, ಅಂದರೆ ಗೊತ್ತಾದ ಬೆಲೆಗೆ ಅವರ ಷೇರುಗಳನ್ನೂ ಕೊಳ್ಳಲು ಮುಂದಾಗಬೇಕಿತ್ತು. ಗ್ರಾಸಿಮ್ ಕೊಂಡ ಪಾಲು ಅಷ್ಟಿರಲಿಲ್ಲ, ಹಾಗಾಗಿ ಸಣ್ಣ ಷೇರುದಾರನಿಗೆ ಆ ಬೆಲೆ ದಕ್ಕಲಿಲ್ಲ. ವರ್ಷ ತುಂಬುವುದರೊಳಗೆ ಗ್ರಾಸಿಮ್‌ನಿಂದ ಅವನಿಗೂ ಕೊಡುಗೆ ಬಂತು. ಬೆಲೆ 190 ರೂಪಾಯಿ! ಕೊನೆಗೆ ಸಿಮೆಂಟ್ ವ್ಯವಹಾರವನ್ನು ಬೇರ್ಪಡಿಸಿ ಗ್ರಾಸಿಮ್‌ಗೆ ಬಿಟ್ಟುಕೊಟ್ಟು, ಅದರ ಬಳಿಯಿದ್ದ ಎಲ್ ಅಂಡ್ ಟಿ ಷೇರುಗಳನ್ನು ನೌಕರರ ಟ್ರಸ್ಟೇ ಕೊಂಡುಕೊಳ್ಳುವ ಒಪ್ಪಂದವಾಗಿ ವ್ಯಾಜ್ಯ ಬಗೆಹರಿಯಿತು. ಇಂದಿಗೂ ಆ ಟ್ರಸ್ಟು ಮತ್ತು ಎಲ್‌ಐಸಿ ಕಂಪನಿಯ ದೊಡ್ಡ ಷೇರುದಾರರ ಸಾಲಿನಲ್ಲಿವೆ.

ನೌಕರರು ಅಲ್ಲಿ ಗೆದ್ದದ್ದು ಕಾನೂನಿನ ಬಲದಿಂದಲ್ಲ. ಗಟ್ಟಿ ಆಡಳಿತವರ್ಗ, ಮಾರಿಬಿಡಲು ಒಂದು ಸಿಮೆಂಟ್ ವಿಭಾಗ, ಸಾಲ ಎತ್ತುವ ಶಕ್ತಿ ಇವೆಲ್ಲ ಕೂಡಿಬಂದವು. ಎಲ್ಲರಿಗೂ ಹಾಗೆ ಕೂಡಿಬರುವುದಿಲ್ಲ. ಹೀಗೆ ಎರಡು ಸಲ ಪರರ ಕೈಯಿಂದ ತಪ್ಪಿಸಿಕೊಂಡ ಅದೇ ಎಲ್ ಅಂಡ್ ಟಿ, 2019ರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಮೈಂಡ್‌ಟ್ರೀಯನ್ನು ಅದರ ಸ್ಥಾಪಕರು ಬೇಡಬೇಡವೆಂದರೂ ಷೇರಿಗೆ 980 ರೂಪಾಯಿಯಂತೆ ಕೊಂಡು ತನ್ನದಾಗಿಸಿಕೊಂಡಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಕಾನೂನಿನ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ, ನನ್ನ ತಕರಾರು ಇರುವುದೂ ಅಲ್ಲೇ.

ನಾನು ದುಡಿಯುತ್ತಿದ್ದ ಕಂಪನಿಯೂ ಒಮ್ಮೆ ಕೈ ಬದಲಾಯಿತು, ಹೆಸರು ಬೇಡ. ನಾವು ಆಗ ಸೇತುವೆಯೊಂದರ ಕಂಬಗಳಿಗೆ ಕಾಂಕ್ರೀಟ್ ಹಾಕುತ್ತಿದ್ದೆವು. ಹಾಕಿದ ಕಾಂಕ್ರೀಟಿನಿಂದಲೇ ಕ್ಯೂಬ್‌ಗಳನ್ನು ಮಾಡಿಟ್ಟು, ಏಳನೇ ದಿನ ಕೆಲವನ್ನೂ ಇಪ್ಪತ್ತೆಂಟನೇ ದಿನ ಉಳಿದವನ್ನೂ ಯಂತ್ರದಲ್ಲಿ ಒತ್ತಿ, ಎಷ್ಟು ಭಾರ ತಡೆದವು ಎಂದು ರಿಜಿಸ್ಟರಿನಲ್ಲಿ ಬರೆಯುವುದು ಕ್ರಮ. ಆ ತಿಂಗಳ ಪುಟದಲ್ಲಿ ಏಳನೇ ದಿನದ ಅಂಕಿಗಳು ಒಬ್ಬರ ಕೈಬರಹದಲ್ಲಿದ್ದವು, ಇಪ್ಪತ್ತೆಂಟನೇ ದಿನದವು ಇನ್ನೊಬ್ಬರ ಕೈಬರಹದಲ್ಲಿ. ಗುಣಮಟ್ಟ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ನಡುವೆ ಕೆಲಸ ಬಿಟ್ಟಿದ್ದರು. ಯಾವ ಕಂಬದಲ್ಲಿ ಕಾಂಕ್ರೀಟ್ ತಡವಾಗಿ ಬಂದಿತ್ತು, ಎಲ್ಲಿ ಮರುಪರೀಕ್ಷೆ ಬೇಕೆಂದು ಅವರು ಹೇಳಿದ್ದರು ಎಂಬುದೆಲ್ಲ ಅವರ ತಲೆಯಲ್ಲೇ ಹೊರಟುಹೋಯಿತು. ಅವೇ ಕ್ರೇನುಗಳು, ಅವೇ ಷಟರಿಂಗ್ ಹಲಗೆಗಳು, ಬೋರ್ಡು ಮಾತ್ರ ಹೊಸದು. ಹಳೆಯ ಕಾಮಗಾರಿಗಳ ಅನುಭವ ಟೆಂಡರ್ ಕಾಗದದಲ್ಲಿ ಮುಂದುವರಿಯುತ್ತದೆ, ಆ ಅನುಭವವಿದ್ದವರು ಮಾತ್ರ ಇರುವುದಿಲ್ಲ.

2011ರ ಸೆಬಿ ನಿಯಮಗಳ ಪ್ರಕಾರ ಪಾಲು ಶೇ 25 ಮುಟ್ಟಿದರೆ ಕನಿಷ್ಠ ಶೇ 26ಕ್ಕೆ ಮುಕ್ತ ಕೊಡುಗೆ ನೀಡಬೇಕು. ಸ್ವತಂತ್ರ ನಿರ್ದೇಶಕರ ಸಮಿತಿ ಅದರ ಬಗ್ಗೆ ಕಾರಣಸಹಿತ ಶಿಫಾರಸು ಪ್ರಕಟಿಸಬೇಕು. ಒಳ್ಳೆಯದೇ. ಆದರೆ ನೌಕರರ ಮಾತಿಗೆ ಅಂಥ ಸ್ಥಾನವಿಲ್ಲ. ಬ್ರಿಟನ್ನಿನ ಸ್ವಾಧೀನ ಸಂಹಿತೆಯಲ್ಲಿ, ನೌಕರರ ಪ್ರತಿನಿಧಿಗಳು ಅಭಿಪ್ರಾಯ ಬರೆದುಕೊಟ್ಟರೆ ಕಂಪನಿಯು ಅದನ್ನು ಷೇರುದಾರರಿಗೆ ಕಳಿಸುವ ಸುತ್ತೋಲೆಯ ಜೊತೆ ಲಗತ್ತಿಸಬೇಕು. ನೌಕರರು ಎಂದಾದರೂ ಸ್ವಾಧೀನಕ್ಕೆ ಹೂಂ ಎಂದಾರೆಯೇ ಎಂದು ಕೇಳುವವರಿದ್ದಾರೆ. ಎನ್ನದಿರಬಹುದು. ಆದರೂ ತೀರ್ಮಾನ ಷೇರುದಾರರದ್ದೇ. ನಾನು ಕೇಳುತ್ತಿರುವುದು ತಡೆಯುವ ಅಧಿಕಾರವನ್ನಲ್ಲ. ಯಾವ ಕಾಮಗಾರಿ ಯಾವ ಹಂತದಲ್ಲಿದೆ, ಯಾರು ಬಿಟ್ಟುಹೋದರೆ ಯಾವ ಕೆಲಸ ನಿಲ್ಲುತ್ತದೆ ಎಂಬುದನ್ನು ಸೈಟಿನಲ್ಲಿರುವವರು ಹೇಳಿದಷ್ಟು ನಿಖರವಾಗಿ ಕೊಡುಗೆಯ ವ್ಯವಹಾರ ನಡೆಸಿಕೊಡುವ ಯಾವ ಮರ್ಚಂಟ್ ಬ್ಯಾಂಕರೂ ಹೇಳಲಾರರು, ಷೇರು ಮಾರಬೇಕೋ ಬೇಡವೋ ಎಂದು ತೀರ್ಮಾನಿಸುವ ಎಲ್‌ಐಸಿಗೂ ಆ ಮಾಹಿತಿ ಬೇಕಾಗುತ್ತದೆ.

ಆದ್ದರಿಂದ, ಈ ನಿಯಮದ ಕುರಿತು ಸಮಾಲೋಚನಾ ಪತ್ರವೊಂದನ್ನು ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಪಡೆಯುವಂತೆ ತಾವು ಸೆಬಿಗೆ ಸೂಚಿಸಬೇಕೆಂದು ವಿನಂತಿಸುತ್ತೇನೆ. ಅದು ಹೊರಬಂದ ದಿನ ಮೊದಲ ಉತ್ತರ ನನ್ನದಿರುತ್ತದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಿವಿಲ್ ಎಂಜಿನಿಯರ್